ಖಾತೆ ಮೈನಸ್‌ಗೆ ಇಳಿದರೆ ಸಾಲಗಾರರಾದಂತೆಯೇ? ಇಂಗ್ಲೆಂಡಿನ ಲೆಟ್ಸ್ ಗುಂಪಿಗೆ ಸೇರುವ ಮುನ್ನ

ಪ್ರಶ್ನೆ: ನನ್ನ ಗಂಡನದು ಸ್ಕಿಲ್ಡ್ ವರ್ಕರ್ ವೀಸಾ, ನಾನು ಡಿಪೆಂಡೆಂಟ್. ಇಂಗ್ಲೆಂಡಿನ ಸಣ್ಣ ಪಟ್ಟಣವೊಂದಕ್ಕೆ ಬಂದು ಎಂಟು ತಿಂಗಳಾಯಿತು. ಇಲ್ಲಿನ ಲೈಬ್ರರಿಯಲ್ಲಿ ‘ಲೆಟ್ಸ್’ (ಲೋಕಲ್ ಎಕ್ಸ್‌ಚೇಂಜ್ ಟ್ರೇಡಿಂಗ್ ಸಿಸ್ಟಮ್) ಎಂಬ ಗುಂಪಿನ ಚೀಟಿ ನೋಡಿದೆ. ದುಡ್ಡಿಲ್ಲದೆ ಒಬ್ಬರಿಗೊಬ್ಬರು ಕೆಲಸ ಮಾಡಿಕೊಡುತ್ತಾರಂತೆ. ದುಡ್ಡಿನ ಬದಲು ಪ್ರತಿಯೊಬ್ಬರ ಖಾತೆಯಲ್ಲಿ ‘ಯೂನಿಟ್’ ಲೆಕ್ಕ ಬರೆಯುತ್ತಾರೆ: ಒಂದು ಗಂಟೆಯ ಕೆಲಸಕ್ಕೆ ಸುಮಾರು 10 ಯೂನಿಟ್. ವರ್ಷಕ್ಕೆ 10 ಪೌಂಡ್ ಚಂದಾ. ನನಗೆ ಹೊಲಿಗೆ, ಅಡುಗೆ ಬರುತ್ತದೆ, ಹೈಸ್ಕೂಲ್ ಮಟ್ಟದ ಗಣಿತ ಹೇಳಿಕೊಡಬಲ್ಲೆ. ಬೇಕಾಗಿರುವುದು ಸೈಕಲ್ ರಿಪೇರಿ, ಹಿತ್ತಲಿನ ಕೆಲಸ, ಇಂಗ್ಲಿಷ್ ಮಾತಿನ ಅಭ್ಯಾಸ, ಡ್ರೈವಿಂಗ್. ಸೇರಿದರೆ ವೀಸಾಕ್ಕೆ ತೊಂದರೆ ಇದೆಯೇ? ಖಾತೆ ಮೈನಸ್‌ಗೆ ಹೋದರೆ ಸಾಲ ಮಾಡಿದಂತಾಗುವುದಿಲ್ಲವೇ? ಮೇ ತಿಂಗಳಲ್ಲಿ ಅತ್ತೆ ಬರುತ್ತಾರೆ, ಅವರೂ ಏನಾದರೂ ಮಾಡಿಕೊಡಬಹುದೇ?

ಉತ್ತರ: ನೀವು ಸೇರಬಹುದು, ಸೇರಿ. ಆದರೆ ನಿಮ್ಮ ಅತ್ತೆಯವರು ಕೆಲಸ ಮಾಡಿಕೊಡುವಂತಿಲ್ಲ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇವೆ. ಮೊದಲು ಮೈನಸ್ ವಿಷಯ ತೆಗೆದುಕೊಳ್ಳೋಣ. ನಮ್ಮವರು ಇಂಥ ಗುಂಪಿಗೆ ಸೇರಿಯೂ ಉಪಯೋಗ ಪಡೆಯದೆ ಕೂರುವುದು ಹೆಚ್ಚಾಗಿ ಈ ಒಂದು ಹೆದರಿಕೆಯಿಂದಲೇ.

ಲೆಟ್ಸ್‌ನಲ್ಲಿ ಹೊಸ ಸದಸ್ಯರ ಖಾತೆ ಸೊನ್ನೆಯಿಂದ ಶುರುವಾಗುತ್ತದೆ. ಒಬ್ಬರು ನಿಮ್ಮ ಸೈಕಲ್ಲಿನ ಬ್ರೇಕ್ ಕೇಬಲ್ ಬದಲಿಸಿ, ಚೈನ್ ಸರಿ ಮಾಡಿ ಕೊಟ್ಟರು, ಒಂದೂವರೆ ಗಂಟೆ ಹಿಡಿಯಿತು ಅಂದುಕೊಳ್ಳಿ. ನಿಮ್ಮ ಖಾತೆ ಮೈನಸ್ 15, ಅವರದು ಪ್ಲಸ್ 15. ಎಲ್ಲ ಸದಸ್ಯರ ಖಾತೆಗಳನ್ನು ಕೂಡಿದರೆ ಯಾವಾಗಲೂ ಸೊನ್ನೆಯೇ ಬರುತ್ತದೆ. ಯೂನಿಟ್ ಹುಟ್ಟುವುದೇ ಯಾರಾದರೊಬ್ಬರು ಮೈನಸ್‌ಗೆ ಇಳಿದಾಗ. ‘ನಾನು ಯಾವತ್ತೂ ಪ್ಲಸ್‌ನಲ್ಲೇ ಇರುತ್ತೇನೆ’ ಎಂದು ಎಲ್ಲರೂ ಹಟ ಹಿಡಿದರೆ ಗುಂಪಿನಲ್ಲಿ ಒಂದು ಕೆಲಸವೂ ನಡೆಯಲಾರದು. ಮೈನಸ್‌ಗೆ ಬಡ್ಡಿಯಿಲ್ಲ, ಸೈಕಲ್ಲಿನವರು ವಸೂಲಿಗೆ ಬರುವುದೂ ಇಲ್ಲ. ಆ ಹದಿನೈದನ್ನು ನೀವು ಗುಂಪಿನಲ್ಲಿ ಯಾರಿಗಾದರೂ ಕೆಲಸ ಮಾಡಿ ತೀರಿಸಬಹುದು.

ಮಲೆನಾಡಿನಲ್ಲಿ ಭತ್ತದ ನಾಟಿಗೆ ಮುಯ್ಯಾಳು ಕಳಿಸುವುದನ್ನು ನೀವು ಕಂಡಿರಬಹುದು. ನಮ್ಮ ಗದ್ದೆಗೆ ಎರಡು ಆಳು ಬಂದರೆ ಅವರ ಗದ್ದೆಗೆ ನಾವು ಎರಡು ಆಳು ಹೋಗಬೇಕು. ಅಲ್ಲಿ ಲೆಕ್ಕ ಎರಡು ಮನೆಗಳ ನಡುವಿನದು. ಲೆಟ್ಸ್‌ನಲ್ಲಿ ಆ ಕಟ್ಟು ಇಲ್ಲ. ಸೈಕಲ್ ರಿಪೇರಿಯವರಿಗೆ ನಿಮ್ಮ ಹೊಲಿಗೆ ಬೇಕಿಲ್ಲದಿರಬಹುದು. ನೀವು ಮೂರನೆಯವರ ಪರದೆ ಹೊಲಿದುಕೊಡುತ್ತೀರಿ, ಆ ಮೂರನೆಯವರು ಸೈಕಲ್ಲಿನವರ ಮನೆಯ ಬೇಲಿ ಗಿಡ ಕತ್ತರಿಸುತ್ತಾರೆ. ಇಬ್ಬರಿಗೂ ಪರಸ್ಪರರ ಕೆಲಸ ಬೇಕಿದ್ದರೆ ಮಾತ್ರ ವಿನಿಮಯ ಸಾಧ್ಯ ಎನ್ನುವ ತೊಡಕೇ ಇಲ್ಲಿ ಇಲ್ಲ.

ಮೈಕೇಲ್ ಲಿಂಟನ್ ಎಂಬವರು 1983ರಲ್ಲಿ ಕೆನಡಾದ ಕೋಮಾಕ್ಸ್ ಕಣಿವೆಯ ಕೋರ್ಟ್‌ನಿ ಪಟ್ಟಣದಲ್ಲಿ ಇದನ್ನು ಶುರುಮಾಡಿದ್ದೂ ಇಂಥದೇ ಇಕ್ಕಟ್ಟಿಗೆ ಉತ್ತರವಾಗಿ. ಊರಿನಲ್ಲಿ ಉದ್ಯೋಗ ಕುಸಿದಿತ್ತು. ಕೈಯಲ್ಲಿ ಕೆಲಸ ಗೊತ್ತಿತ್ತು, ಮಾಡಿಸಿಕೊಳ್ಳುವವರೂ ಇದ್ದರು, ನಡುವೆ ನಗದು ಮಾತ್ರ ಇರಲಿಲ್ಲ. 1990ರ ದಶಕದ ಮಧ್ಯದ ಹೊತ್ತಿಗೆ ಬ್ರಿಟನ್ನಿನಲ್ಲಿ ಇಂಥ ಗುಂಪುಗಳು ಮುನ್ನೂರು ದಾಟಿದ್ದವು. ಮ್ಯಾಂಚೆಸ್ಟರಿನಲ್ಲಿ ಯೂನಿಟ್ಟಿಗೆ ‘ಬಾಬಿನ್’ ಎಂದೂ ಬ್ರಿಕ್ಸ್‌ಟನ್‌ನಲ್ಲಿ ‘ಬ್ರಿಕ್’ ಎಂದೂ ಹೆಸರಿಟ್ಟುಕೊಂಡಿದ್ದರು. ಆಮೇಲೆ ಎಷ್ಟೋ ಗುಂಪುಗಳು ಮುಚ್ಚಿಹೋದವು. ಸದಸ್ಯರು ತಾವೇನು ಕೊಡಬಲ್ಲೆವು, ತಮಗೇನು ಬೇಕು ಎಂದು ಬರೆಯುವ ಪಟ್ಟಿಯ ತುಂಬ ಮಸಾಜು, ಧ್ಯಾನ, ಸುಗಂಧ ಚಿಕಿತ್ಸೆ. ನಲ್ಲಿ ರಿಪೇರಿಯವರೊಬ್ಬರೂ ಇಲ್ಲ. ಎಲ್ಲರೂ ಕೊಡುತ್ತೇನೆ ಎನ್ನುವವರೇ, ಬೇಕು ಎಂದು ಬಾಯಿಬಿಡುವವರು ಕಡಿಮೆ. ಲೆಕ್ಕ ಬರೆಯುವ ಕೆಲಸವೆಲ್ಲ ಒಬ್ಬಿಬ್ಬರ ತಲೆಗೆ ಬಿದ್ದು, ಅವರು ಸುಸ್ತಾದ ದಿನ ಗುಂಪೂ ನಿಂತಿತು.

ಕೂಡಿಡುವ ಬುದ್ಧಿ ಇಲ್ಲಿ ಏನು ಮಾಡುತ್ತದೆ ಎಂಬುದಕ್ಕೆ ಅಮೆರಿಕದ್ದೊಂದು ನಿದರ್ಶನವಿದೆ. ವಾಷಿಂಗ್ಟನ್ನಿನ ಕ್ಯಾಪಿಟಲ್ ಹಿಲ್‌ನಲ್ಲಿ ಸುಮಾರು 150 ಕುಟುಂಬಗಳು ಸೇರಿ, ಸರದಿಯಂತೆ ಒಬ್ಬರ ಮಕ್ಕಳನ್ನು ಇನ್ನೊಬ್ಬರು ನೋಡಿಕೊಳ್ಳುವ ಸಹಕಾರ ಸಂಘ ಮಾಡಿಕೊಂಡಿದ್ದವು. ಮಕ್ಕಳನ್ನು ನೋಡಿಕೊಂಡವರಿಗೆ ಅರ್ಧ ಗಂಟೆಗೊಂದು ಕೂಪನ್, ಹೊರಗೆ ಹೋದವರು ಅದನ್ನು ಕೊಡಬೇಕು. ಅದರ ಸದಸ್ಯರಾಗಿದ್ದ ಸ್ವೀನಿ ದಂಪತಿ 1977ರಲ್ಲಿ ಬರೆದಂತೆ, ಮುಂದೆ ಬೇಕಾಗಬಹುದೆಂದು ಎಲ್ಲರೂ ಕೂಪನ್ ಕೂಡಿಡತೊಡಗಿದರು, ಯಾರೂ ಹೊರಗೆ ಹೋಗಲಿಲ್ಲ. ಒಬ್ಬರು ಹೊರಗೆ ಹೋಗದಿದ್ದರೆ ಇನ್ನೊಬ್ಬರಿಗೆ ಗಳಿಸಲು ದಾರಿಯಿಲ್ಲ. ಹಾಗಾಗಿ ಎಲ್ಲರಿಗೂ ಮನಸ್ಸಿದ್ದರೂ ಸಂಘ ಸ್ತಬ್ಧವಾಯಿತು. ಹೆಚ್ಚು ಕೂಪನ್ ಹಂಚಿದ ಮೇಲೆ ಚೇತರಿಸಿಕೊಂಡಿತು. ಕೊನೆಗೆ ಹಂಚಿದ್ದು ಅತಿಯಾಗಿ ಬೇರೆ ಥರದ ತೊಂದರೆ ಬಂತು. ಆದ್ದರಿಂದ ನೀವು ಮೊದಲ ತಿಂಗಳಲ್ಲೇ ಯಾರಿಂದಲಾದರೂ ಒಂದು ಕೆಲಸ ಮಾಡಿಸಿಕೊಂಡು ಮೈನಸ್‌ಗೆ ಇಳಿದರೆ, ಅದು ಗುಂಪಿಗೆ ಉಪಕಾರವೇ.

ಚಂದಾ ಕಟ್ಟುವ ಮುಂಚೆ ಸಂಘಟಕರಿಗೆ ಮೂರು ಪ್ರಶ್ನೆ ಕೇಳಿ. ಕಳೆದ ಮೂರು ತಿಂಗಳಲ್ಲಿ ಎಷ್ಟು ವ್ಯವಹಾರ ನಡೆದಿದೆ, ಎಷ್ಟು ಜನರ ನಡುವೆ? ಸದಸ್ಯರಲ್ಲಿ ಮೂರನೇ ಒಂದು ಪಾಲಿನವರೂ ಏನೂ ಕೊಟ್ಟು ತೆಗೆದುಕೊಂಡಿಲ್ಲವಾದರೆ ಆ ಗುಂಪು ಹೆಸರಿಗಷ್ಟೇ ಇದೆ ಎಂಬುದು ನಮ್ಮ ಅಂದಾಜು. ಪಟ್ಟಿಯಲ್ಲಿ ‘ಬೇಕು’ ವಿಭಾಗ ಎಷ್ಟು ಉದ್ದವಿದೆ? ಪ್ಲಸ್ ಮತ್ತು ಮೈನಸ್‌ನ ಮಿತಿ ಎಷ್ಟು, ಮಿತಿ ಮುಟ್ಟಿದರೆ ಯಾರು ಫೋನ್ ಮಾಡುತ್ತಾರೆ? ಮಿತಿಯೇ ಇಲ್ಲದ ಗುಂಪಿನಲ್ಲಿ ಒಬ್ಬರು ನೂರಾರು ಯೂನಿಟ್ ತೆಗೆದುಕೊಂಡು ಊರು ಬಿಟ್ಟರೆ ಉಳಿದವರಿಗೆ ನಂಬಿಕೆ ಹೋಗುತ್ತದೆ. ಮಿತಿ ದಾಟಿದವರನ್ನು ದೂರದೆ, ‘ನಿಮ್ಮಿಂದ ಯಾರಿಗೆ ಏನು ಆಗಬಹುದು ನೋಡೋಣ’ ಎಂದು ಕೇಳುವ ಸಂಘಟಕರು ಇರುವ ಗುಂಪು ಒಳ್ಳೆಯದು. ತಿಂಗಳ ಚಹಾಕೂಟ ಇದ್ದರೆ ಸೇರುವ ಮುಂಚೆ ಒಮ್ಮೆ ಹೋಗಿ ಬನ್ನಿ. ಮುಖ ಪರಿಚಯವಿಲ್ಲದ ಪಟ್ಟಿಯಿಂದ ಯಾರೂ ಯಾರನ್ನೂ ಕರೆಯುವುದಿಲ್ಲ.

ಹಾಗೆಯೇ ಹತ್ತಿರದಲ್ಲಿ ಟೈಮ್ ಬ್ಯಾಂಕ್ ಇದೆಯೇ ಎಂದೂ ವಿಚಾರಿಸಿ. ಅದು ಲೆಟ್ಸ್‌ನ ಸೋದರಿ, ನಿಯಮ ಬೇರೆ. ಅಲ್ಲಿ ಯಾರ ಒಂದು ಗಂಟೆಯಾದರೂ ಒಂದೇ ಗಂಟೆ. ವಕೀಲರದ್ದಾಗಲಿ, ಕಸ ಗುಡಿಸಿದವರದ್ದಾಗಲಿ. ಅಮೆರಿಕದ ಎಡ್ಗರ್ ಕಾನ್ ಬೆಳೆಸಿದ ಈ ಪದ್ಧತಿ 1998ರಲ್ಲಿ ಗ್ಲೌಸ್ಟರ್‌ಶೈರ್‌ನಲ್ಲಿ ‘ಫೇರ್ ಶೇರ್ಸ್’ ಹೆಸರಿನಲ್ಲಿ ಬ್ರಿಟನ್ನಿಗೆ ಕಾಲಿಟ್ಟಿತು. ಸಾಮಾನ್ಯವಾಗಿ ಅಲ್ಲಿ ಸಂಬಳದ ಮೇಲೆ ಒಬ್ಬರು ಬ್ರೋಕರ್ ಇರುತ್ತಾರೆ. ಯಾರಿಗೆ ಯಾರನ್ನು ಜೋಡಿಸಬೇಕೆಂದು ಅವರೇ ಫೋನ್ ಮಾಡಿ ಹೊಂದಿಸುತ್ತಾರೆ. ಇಂಗ್ಲಿಷಿನಲ್ಲಿ ಅಪರಿಚಿತರಿಗೆ ಫೋನ್ ಮಾಡಲು ಅಳುಕಿರುವವರಿಗೆ ಇದು ದೊಡ್ಡ ಆಸರೆ. ಲೆಟ್ಸ್‌ನಲ್ಲಿ ದರವನ್ನು ನೀವೇ ಮಾತಾಡಿಕೊಳ್ಳಬೇಕು, ಫೋನೂ ನೀವೇ ಮಾಡಬೇಕು. ಎರಡಕ್ಕೂ ಸೇರಿದರೆ ತಪ್ಪಿಲ್ಲ.

ಸೇರುವ ಕ್ರಮ ಸರಳ. ಫಾರಂ, ಚಂದಾ, ಖಾತೆ ಸಂಖ್ಯೆ, ಸದಸ್ಯರ ಪಟ್ಟಿ. ಕೆಲಸ ಮುಗಿದಾಗ ಕೆಲವು ಕಡೆ ಚೆಕ್ಕಿನಂಥ ಚೀಟಿ ಬರೆದು ಲೆಕ್ಕದವರಿಗೆ ಕಳಿಸುತ್ತಾರೆ, ಕೆಲವು ಕಡೆ ಕೆಲಸ ಮಾಡಿದವರೇ ವೆಬ್‌ಸೈಟಿನಲ್ಲಿ ದಾಖಲಿಸುತ್ತಾರೆ. ದಾಖಲೆಯನ್ನು ಅದೇ ದಿನ ಮಾಡಿಬಿಡಿ. ಮೂರು ವಾರ ಬಿಟ್ಟರೆ ಒಬ್ಬರ ಲೆಕ್ಕದಲ್ಲಿ ಎರಡು ಗಂಟೆ, ಇನ್ನೊಬ್ಬರ ಲೆಕ್ಕದಲ್ಲಿ ಒಂದೂವರೆ ಗಂಟೆ ಆಗಿರುತ್ತದೆ. ಮನೆಗೆಲ್ಲ ಒಂದೇ ಜಂಟಿ ಖಾತೆ ಕೊಡುತ್ತೇವೆ ಎಂದರೆ ಬೇಡ ಎನ್ನಿ, ನಿಮ್ಮೊಬ್ಬರ ಹೆಸರಿನಲ್ಲೇ ಮಾಡಿಸಿ. ಅದಕ್ಕೆ ಕಾರಣ ವೀಸಾ.

ಪಟ್ಟಿಯಲ್ಲಿ ಬರೀ ‘ಹೊಲಿಗೆ’ ಎಂದು ಬರೆದರೆ ಫೋನ್ ಬರುವುದಿಲ್ಲ. ಹೀಗೆ ಬರೆಯಿರಿ: ‘ಪ್ಯಾಂಟ್ ಉದ್ದ ಇಳಿಸುವುದು, ಜಿಪ್ ಬದಲಿಸುವುದು, ಪರದೆಯ ಅಂಚು ಮಡಿಚಿ ಹೊಲಿಯುವುದು. ನನ್ನದೇ ಮಷಿನ್ ಇದೆ. ಚರ್ಮದ ಬಟ್ಟೆ, ಮದುವೆ ಗೌನ್ ತೆಗೆದುಕೊಳ್ಳುವುದಿಲ್ಲ. ಮಂಗಳವಾರ ಮತ್ತು ಗುರುವಾರ, ಮಧ್ಯಾಹ್ನ.’ ಅಲ್ಲಿನ ಜನಕ್ಕೆ ರವಿಕೆ ಹೊಲಿಗೆ ಬೇಕಿಲ್ಲ. ಆದರೆ ಅಂಗಡಿಯಿಂದ ತಂದ ಪರದೆ ಕಿಟಕಿಗಿಂತ ಒಂದಡಿ ಉದ್ದವಿರುವ ಮನೆಗಳು ಬೇಕಾದಷ್ಟಿವೆ.

ಪರದೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಮೊದಲ ಕೆಲಸ ಹೇಗೆ ಒಪ್ಪಿಕೊಳ್ಳಬೇಕೆಂದು ನೋಡೋಣ. ಸರಳುಗಳನ್ನು ಗೋಡೆಗೆ ಬಡಿದಾಗಿದೆಯೇ ಎಂದು ಮೊದಲು ಕೇಳಿ. ಬಡಿಯುವ ಮುಂಚೆ ಕೊಟ್ಟ ಅಳತೆ ನೆಚ್ಚಬೇಡಿ, ಕೊಂಡಿಗೆ ಸಿಕ್ಕಿಸಿ ತೂಗುಹಾಕಿದ ಮೇಲೆ ನೆಲದಿಂದ ಅಳೆಯಿರಿ. ಹತ್ತಿ ಬಟ್ಟೆಯಾಗಿದ್ದು ಅವರು ಮನೆಯಲ್ಲೇ ಒಗೆಯುವವರಾದರೆ ಒಂದು ಸಲ ಒಗೆದು ಕೊಡಲು ಹೇಳಿ. ಹೊಲಿದ ಮೇಲೆ ಕುಗ್ಗಿದರೆ ತಪ್ಪು ನಿಮ್ಮ ತಲೆಗೇ ಬರುತ್ತದೆ. ಅಂಚಿಗೆ 10 ಸೆಂಟಿಮೀಟರಿನ ಎರಡು ಮಡಿಕೆ ಎಂದರೆ 20 ಸೆಂಟಿಮೀಟರ್ ಬಟ್ಟೆ ಬಿಡಬೇಕು. ಒಳಪದರ ಇದ್ದರೆ ಅದನ್ನು ಹೊರಬಟ್ಟೆಗಿಂತ ಎರಡು ಮೂರು ಸೆಂಟಿಮೀಟರ್ ಮೇಲಕ್ಕೇ ನಿಲ್ಲಿಸಿ, ಇಲ್ಲದಿದ್ದರೆ ಕೆಳಗಿನಿಂದ ಇಣುಕುತ್ತದೆ. ಒಳಪದರವಿಲ್ಲದ ಪರದೆಗೆ ಮುಕ್ಕಾಲು ಗಂಟೆ, ಇರುವುದಕ್ಕೆ ಒಂದೂವರೆ ಗಂಟೆ ಲೆಕ್ಕ ಹಿಡಿಯಿರಿ. ಇಸ್ತ್ರಿ, ಅಳತೆ ಎಲ್ಲ ಅದರಲ್ಲೇ. ಆಮೇಲೆ ಒಂದು ಮೆಸೇಜ್ ಕಳಿಸಿ: ‘ಒಳಪದರವಿರುವ ಎರಡು ಪರದೆ, 30 ಯೂನಿಟ್, ದಾರದ ದುಡ್ಡು ಬೇರೆ ಪೌಂಡಿನಲ್ಲಿ, ಮುಂದಿನ ಗುರುವಾರಕ್ಕೆ.’ ಅವರು ಸರಿ ಎಂದ ಮೇಲೆಯೇ ಕತ್ತರಿ ಹಿಡಿಯಿರಿ. ದಾರ, ಬಟ್ಟೆ, ಪೆಟ್ರೋಲ್, ಸೈಕಲ್ಲಿನ ಬಿಡಿಭಾಗ ಇವೆಲ್ಲ ಯಾವತ್ತೂ ನಗದಿಗೇ. ಅಂಗಡಿಯವರು ಯೂನಿಟ್ ತೆಗೆದುಕೊಳ್ಳುವುದಿಲ್ಲವಲ್ಲ.

ಕೆಲಸ ಒಪ್ಪಿಸುವಾಗ ‘ಅಯ್ಯೋ, ಪರವಾಗಿಲ್ಲ ಬಿಡಿ, ಏನೂ ಬೇಡ’ ಎನ್ನಬೇಡಿ. ನಮ್ಮಲ್ಲಿ ಅದು ಸೌಜನ್ಯ. ಈ ಗುಂಪಿನಲ್ಲಿ ಅದರಿಂದ ಎದುರಿನವರಿಗೆ ಮುಜುಗರವಾಗಿ ಅವರು ಮತ್ತೆ ನಿಮ್ಮನ್ನು ಕರೆಯುವುದಿಲ್ಲ. ಉಳಿದವರು ಅದೇ ಕೆಲಸಕ್ಕೆ ಯೂನಿಟ್ ಕೇಳಲು ಹಿಂಜರಿಯುವಂತೆಯೂ ಆಗುತ್ತದೆ. ಆಡಿದ ಮಾತಿನಂತೆ 30 ಬರೆಸಿಕೊಳ್ಳಿ. ಕೆಲಸ ಕೆಟ್ಟರೂ ಹಾಗೆಯೇ, ನೇರವಾಗಿ ಮಾತಾಡಿ. ಗುಣಮಟ್ಟಕ್ಕೆ ಗುಂಪು ಹೊಣೆಯಲ್ಲ ಎಂದು ಲೆಟ್ಸ್‌ಗಳ ನಿಯಮದಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ. ಒಪ್ಪಂದ ನಿಮ್ಮಿಬ್ಬರದೇ.

‘ಬೇಕು’ ಪಟ್ಟಿಗೆ ಮೊದಲ ದಿನವೇ ಮೂರು ಹಾಕಿ: ಸೈಕಲ್, ಹಿತ್ತಲು, ಇಂಗ್ಲಿಷ್ ಮಾತು. ಇಂಗ್ಲಿಷಿಗೆ ‘ಪಾಠ’ ಎಂದು ಕೇಳುವುದಕ್ಕಿಂತ ‘ವಾರಕ್ಕೊಮ್ಮೆ ಒಂದು ಗಂಟೆ ನಡೆಯುತ್ತ ಮಾತಾಡುವವರು’ ಎಂದು ಕೇಳಿ. ನಿವೃತ್ತರಾದ ಎಷ್ಟೋ ಜನ ತಮ್ಮಲ್ಲಿ ಕೊಡುವಂಥದ್ದೇನೂ ಇಲ್ಲ ಎಂದುಕೊಂಡಿರುತ್ತಾರೆ. ಇಂಥದ್ದಕ್ಕೆ ಸಂತೋಷದಿಂದ ಬರುತ್ತಾರೆ.

ಡ್ರೈವಿಂಗ್ ಮಾತ್ರ ಈ ಪಟ್ಟಿಗೆ ಹಾಕಬೇಡಿ. ಬ್ರಿಟನ್ನಿನ ಕಾನೂನಿನಲ್ಲಿ ಹಣಕ್ಕಾಗಲಿ, ಹಣದ ಬೆಲೆಯುಳ್ಳ ಬೇರೆ ಏನಕ್ಕಾಗಲಿ ಕಾರು ಓಡಿಸಲು ಕಲಿಸುವವರು ನೋಂದಾಯಿತ ತರಬೇತುದಾರರೇ ಆಗಿರಬೇಕು. ಯೂನಿಟ್ ಕೊಟ್ಟು ನೆರೆಯವರಿಂದ ಕಲಿತರೆ ಅವರನ್ನು ತಪ್ಪಿತಸ್ಥರ ಜಾಗದಲ್ಲಿ ನಿಲ್ಲಿಸಿದಂತಾಗುತ್ತದೆ. ಗ್ಯಾಸ್ ಒಲೆ, ಬಾಯ್ಲರ್ ಕೆಲಸವನ್ನೂ ಗ್ಯಾಸ್ ಸೇಫ್ (ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿ) ನೋಂದಣಿ ಇಲ್ಲದವರಿಂದ ಯಾವ ಲೆಕ್ಕದಲ್ಲೂ ಮಾಡಿಸಬೇಡಿ.

ಅಡುಗೆಯಲ್ಲಿ ಎಚ್ಚರ ಬೇಕು. ಅಡುಗೆ ಹೇಳಿಕೊಡುವುದಾಗಿ ಹಾಕಿದರೆ ತಂಟೆ ಕಡಿಮೆ: ಅವರ ಅಡುಗೆಮನೆ, ಅವರ ಸಾಮಾನು, ನಿಮ್ಮ ಕೈ. ವಾರವಾರವೂ ಮಾಡಿ ಹಂಚತೊಡಗಿದರೆ ಅದು ಆಹಾರ ವ್ಯವಹಾರವಾಗುತ್ತದೆ. ಶುರುಮಾಡುವ 28 ದಿನ ಮುಂಚೆ ಊರಿನ ಸ್ಥಳೀಯ ಆಡಳಿತವಾದ ಕೌನ್ಸಿಲ್‌ನಲ್ಲಿ ನೋಂದಾಯಿಸಬೇಕು, ಶುಲ್ಕವಿಲ್ಲ. ಒಂದೇ ಒಂದು ಡಬ್ಬಿ ಕೊಟ್ಟರೂ ಅಲರ್ಜಿಯ ವಿಷಯ ತಿಳಿಸಿ ಕೊಡಿ. ಬ್ರಿಟನ್ನಿನಲ್ಲಿ ಕಡ್ಡಾಯವಾಗಿ ಹೇಳಬೇಕಾದ 14 ಅಲರ್ಜಿ ಪದಾರ್ಥಗಳಲ್ಲಿ ಸಾಸಿವೆಯೂ ಒಂದು, ಅಂದರೆ ನಮ್ಮ ಒಗ್ಗರಣೆಯೇ ಆ ಪಟ್ಟಿಯಲ್ಲಿದೆ. ಚಿತ್ರಾನ್ನದ ಕಡಲೆಕಾಯಿ, ಎಳ್ಳು, ತುಪ್ಪದಲ್ಲಿರುವ ಹಾಲಿನ ಅಂಶ, ಗೋಡಂಬಿ ಎಲ್ಲವೂ ಇವೆ. ಬಹಳ ಜನ ಮರೆಯುವುದು ಇಂಗು. ಡಬ್ಬಿಯಲ್ಲಿ ಬರುವ ಇಂಗಿನ ಪುಡಿಗೆ ಹೆಚ್ಚಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ. ‘ಅನ್ನ ಸಾರಿನಲ್ಲಿ ಗೋಧಿಯೆಲ್ಲಿದೆ’ ಎಂದು ಗ್ಲುಟನ್ (ಗೋಧಿಯಲ್ಲಿರುವ ಅಂಟಿನ ಅಂಶ) ಆಗದವರಿಗೆ ಬಡಿಸಿಬಿಟ್ಟರೆ ಅನಾಹುತ. ಡಬ್ಬಿಯ ಹಿಂಬದಿ ಓದಿ.

ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಯಾರಾದರೂ ಕೇಳಿಯೇ ಕೇಳುತ್ತಾರೆ. ಇಂಗ್ಲೆಂಡಿನಲ್ಲಿ ಎಂಟು ವರ್ಷದೊಳಗಿನ ಮಗುವನ್ನು ಪ್ರತಿಫಲಕ್ಕಾಗಿ ನಿಮ್ಮ ಮನೆಯಲ್ಲಿ ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ನೋಡಿಕೊಂಡರೆ ಶಾಲೆ, ಶಿಶುಪಾಲನೆಗಳ ಮೇಲ್ವಿಚಾರಣೆ ಮಾಡುವ ಸರ್ಕಾರಿ ಸಂಸ್ಥೆ ಆಫ್‌ಸ್ಟೆಡ್‌ನಲ್ಲಿ ನೋಂದಣಿ ಬೇಕು. ಪ್ರತಿಫಲ ಎಂದರೆ ಪೌಂಡೇ ಆಗಬೇಕಿಲ್ಲ. ಸಂಜೆ ಆರರಿಂದ ರಾತ್ರಿ ಎರಡರ ನಡುವಿನ ಬೇಬಿಸಿಟ್ಟಿಂಗ್‌ಗೆ ವಿನಾಯಿತಿಯಿದೆ. ನಿಮಗೆ ನಮ್ಮ ಸಲಹೆ, ಹಗಲಿನದು ಬೇಡ. ಗಣಿತ ಹೇಳಿಕೊಡುವುದು ಒಂದು ಗಂಟೆಯ ಕೆಲಸ, ತಂದೆಯೋ ತಾಯಿಯೋ ಮನೆಯಲ್ಲಿರುವಾಗ ಅವರ ಮನೆಗೇ ಹೋಗಿ ಮಾಡಿ. ಲೆಟ್ಸ್‌ನಲ್ಲಿ ಯಾರ ಪೂರ್ವಾಪರವನ್ನೂ ತಪಾಸಣೆ ಮಾಡಿರುವುದಿಲ್ಲ ಎಂಬುದೇ ರೂಢಿ, ಆದ್ದರಿಂದ ಈ ಎಚ್ಚರ ಎರಡೂ ಕಡೆಯವರಿಗೆ ಒಳ್ಳೆಯದು.

ಈಗ ವೀಸಾ. ಯೂನಿಟ್ ದುಡ್ಡಲ್ಲ, ಆದ್ದರಿಂದ ಇದು ಕೆಲಸವಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪ್ರತಿಯಾಗಿ ಬೆಲೆಬಾಳುವುದೇನಾದರೂ ಸಿಗುವಂತಿದ್ದರೆ ಅದನ್ನು ಕೆಲಸವೆಂದೇ ಹಿಡಿದು ನಡೆದುಕೊಳ್ಳುವುದು ಕ್ಷೇಮ. ಸ್ಕಿಲ್ಡ್ ವರ್ಕರ್ ಡಿಪೆಂಡೆಂಟ್ ಆದ ನಿಮಗೆ ನೌಕರಿಗೂ ಸ್ವಂತ ಉದ್ಯೋಗಕ್ಕೂ ಅನುಮತಿಯಿದೆ; ವೃತ್ತಿಪರ ಕ್ರೀಡಾಪಟುವಾಗುವಂತಿಲ್ಲ, ಅಷ್ಟೇ. ಆದ್ದರಿಂದ ನಿಮಗೆ ಅಡ್ಡಿಯಿಲ್ಲ. ನಿಮ್ಮ ಗಂಡನ ಎರಡನೇ ಕೆಲಸಕ್ಕೆ ಷರತ್ತುಗಳಿವೆ. ಜಂಟಿ ಖಾತೆಯಲ್ಲಿ ಅವರು ಯಾರದೋ ಲ್ಯಾಪ್‌ಟಾಪ್ ಸರಿಮಾಡಿಕೊಟ್ಟು ಯೂನಿಟ್ ಬರೆಸಿಕೊಂಡರೆ ಬೇಡದ ಪ್ರಶ್ನೆ ಏಳುತ್ತದೆ. ಖಾತೆ ನಿಮ್ಮೊಬ್ಬರ ಹೆಸರಿನಲ್ಲಿರಲಿ ಎಂದದ್ದು ಇದಕ್ಕೇ. ಸ್ಟೂಡೆಂಟ್ ವೀಸಾದಲ್ಲಿರುವ ನಿಮ್ಮ ಪರಿಚಯದವರಿಗೂ ಇದನ್ನು ತಿಳಿಸಿ, ಅವರಿಗೆ ಸ್ವಂತ ಉದ್ಯೋಗ ನಿಷಿದ್ಧ.

ಅತ್ತೆಯವರು ವಿಸಿಟರ್ ವೀಸಾದಲ್ಲಿ ಬರುವುದಾದರೆ ಅವರು ಕೆಲಸ ಮಾಡುವಂತಿಲ್ಲ, ಸರಕು ಸೇವೆ ಕೊಡುವಂತೆಯೂ ಇಲ್ಲ. ಹೋಳಿಗೆ ಮಾಡಿಕೊಟ್ಟು ಯೂನಿಟ್ ತೆಗೆದುಕೊಂಡರೂ ಅದು ಕೆಲಸವೇ. ನಿಮ್ಮ ಖಾತೆಯಿಂದ ಅವರಿಗಾಗಿ ಖರ್ಚು ಮಾಡಲು ಮಾತ್ರ ಅಡ್ಡಿಯಿಲ್ಲ. ಯಾರಾದರೂ ಅವರನ್ನು ಕರೆದುಕೊಂಡು ಊರು ಸುತ್ತಿಸಲಿ, ತಿಂಗಳ ಕೂಟಕ್ಕೂ ಅತಿಥಿಯಾಗಿ ಬರಲಿ. ಪಟ್ಟಿಯಲ್ಲಿ ಅವರ ಹೆಸರು ಬೇಡ.

ತೆರಿಗೆಯ ವಿಷಯದಲ್ಲಿ ತಲೆಕೆಡಿಸಿಕೊಳ್ಳುವಷ್ಟಿಲ್ಲ. ಸಣ್ಣಪುಟ್ಟ ದಂಧೆಯ ಆದಾಯಕ್ಕೆ ವರ್ಷಕ್ಕೆ 1,000 ಪೌಂಡ್ ವಿನಾಯಿತಿಯಿದೆ. ನಾಳೆ ನೀವು ಹೊಲಿಗೆಯನ್ನೇ ನಗದಿಗೆ ಶುರುಮಾಡಿದರೆ, ಅದೇ ಹೊಲಿಗೆಗೆ ಬಂದ ಯೂನಿಟ್ಟಿನ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಬೇಕಾಗುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಕೆಲಸ, ಯೂನಿಟ್ ಬರೆದಿಡಿ, ಸಾಕು.

ಊರಿನ ಕನ್ನಡದವರೇ ಸೇರಿ ವಾಟ್ಸ್‌ಆ್ಯಪ್‌ನಲ್ಲಿ ಇಂಥದ್ದು ಮಾಡಬಾರದೇ ಎಂದು ಹಲವರು ಕೇಳುತ್ತಾರೆ. ಹಬ್ಬ ಹರಿದಿನಕ್ಕೆ, ಬಾಣಂತನಕ್ಕೆ ಆ ಬಳಗ ಬೇಕೇ ಬೇಕು. ಅಲ್ಲಿ ಲೆಕ್ಕ ತರಬೇಡಿ. ಅದೂ ಅಲ್ಲದೆ ಹತ್ತು ಮನೆಯಲ್ಲಿ ಎಂಟು ಮನೆಯವರಿಗೆ ಸಾಫ್ಟ್‌ವೇರ್ ಬರುತ್ತದೆ, ಹತ್ತೂ ಮನೆಯಲ್ಲಿ ಅಡುಗೆ ಬರುತ್ತದೆ. ಬೇಲಿ ಕತ್ತರಿಸುವವರು ಒಬ್ಬರೂ ಸಿಗುವುದಿಲ್ಲ. ವಿನಿಮಯ ನಡೆಯಲು ಬೇರೆ ಬೇರೆ ಕೈಗಳು ಬೇಕು. ಇಂಗ್ಲಿಷ್ ಮಾತು ಕಲಿಯುವುದೂ ಲೆಟ್ಸ್‌ನಂಥ ಗುಂಪಿನಲ್ಲೇ ಆಗುತ್ತದೆ.

ಕೊನೆಯದಾಗಿ, ನಿಮ್ಮಂಥ ಕುಟುಂಬಗಳು ನೌಕರಿ ಬದಲಾದಾಗ ಒಂದೇ ತಿಂಗಳ ನೋಟಿಸಿನಲ್ಲಿ ಊರು ಬಿಡಬೇಕಾಗುತ್ತದೆ. ಮೈನಸ್‌ನಲ್ಲಿ ಹೊರಟರೆ ಆ ಹೊರೆ ಯಾರೋ ಒಬ್ಬರ ಮೇಲಲ್ಲ, ಇಡೀ ಗುಂಪಿನ ಮೇಲೆ ಬೀಳುತ್ತದೆ. ಅದಕ್ಕಾಗಿ ಖಾತೆಯನ್ನು ಸೊನ್ನೆಯ ಆಚೀಚೆ ಐವತ್ತರೊಳಗೆ ಇಟ್ಟುಕೊಳ್ಳಿ. ಐವತ್ತು ಅಂದರೆ ಐದು ಗಂಟೆಯ ಕೆಲಸ, ಎರಡು ವಾರಾಂತ್ಯದಲ್ಲಿ ತೀರಿಸಬಹುದು. ಹೊರಡುವುದು ಗೊತ್ತಾದ ದಿನವೇ ಸಂಘಟಕರಿಗೆ ತಿಳಿಸಿದರೆ ಅವರೇ ಹೊಲಿಗೆ ಕೆಲಸ ಹುಡುಕಿ ಕೊಡುತ್ತಾರೆ. ಪ್ಲಸ್ ಉಳಿದಿದ್ದರೆ ಮನೆ ಸಾಮಾನು ಪ್ಯಾಕ್ ಮಾಡಲು ಇಬ್ಬರನ್ನು ಕರೆಯಿರಿ, ಮಿಕ್ಕಿದ್ದನ್ನು ಗುಂಪಿನ ಸಾಮಾನ್ಯ ಖಾತೆಗೆ ಬರೆದುಕೊಟ್ಟು ಖಾತೆ ಮುಚ್ಚಿಸಿ.